ಹದಿಮೂರು ಗ್ರಾಂ

ರಾಣೆಬೆನ್ನೂರಿನ ಆ ವಿಜ್ಞಾನದ ಮಾಸ್ತರರಿಗೆ ಎಲೆಯಡಿಕೆಯಿಲ್ಲ, ಇಸ್ಪೀಟಿಲ್ಲ. ಇರುವ ಚಟ ಒಂದೇ, ಪುಟ್ಟ ವಿಮಾನ ಕಟ್ಟಿ ಹಾರಿಸುವುದು. ಥರ್ಮೋಕೋಲಿನ ರೆಕ್ಕೆ, ಬಿದಿರುಕಡ್ಡಿಯ ಬೆನ್ನೆಲುಬು, ಮೂಗಿನಲ್ಲಿ ಗಿರ್ರೆನ್ನುವ ಮೋಟಾರು. ರಜೆಯ ಬೆಳಗಾಯಿತೆಂದರೆ ಊರಾಚೆಯ ಬಯಲಿನಲ್ಲಿ ಕತ್ತು ಮೇಲೆತ್ತಿ ನಿಂತಿರುವರು. ಸಂಜೆ ಆ ಕತ್ತಿಗೆ ಎಣ್ಣೆ ತಿಕ್ಕುವ ಕೆಲಸ ಹೆಂಡತಿಯದು.

ಇಂತಹವರ ಪಾಲಿಗೆ ಸರ್ಕಾರ ಒಮ್ಮೆ ಮಲತಾಯಿ, ಒಮ್ಮೆ ಹೆತ್ತತಾಯಿ. ಚಾಲಕನಿಲ್ಲದ ವಿಮಾನವನ್ನು ಖಾಸಗಿಯವರು ಹಾರಿಸಲೇಕೂಡದೆಂದು 2014ರ ಅಕ್ಟೋಬರಿನಲ್ಲಿ ಪ್ರಕಟಣೆ ಹೊರಟಿತ್ತು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಆ ಬಿಗಿಯನ್ನು ಬಹುಮಟ್ಟಿಗೆ ಸಡಿಲಿಸಿದವು. ಎರಡು ಕಿಲೋ ಮೀರದೆ, ಸಂಪಾದನೆಗಲ್ಲದೆ ಹಾರಿಸುವವನಿಗೆ ಪರವಾನಗಿ ಬೇಡವಾಯಿತು. ಆದರೆ ಇತರರಿಗೆ ಪೆಟ್ಟಾದೀತೆಂದು ಮೋಟಾರು ಗಾಡಿಗಿರುವಂತೆಯೇ ವಿಮೆ ಬೇಕು. 250 ಗ್ರಾಂ ಮೀರದಿದ್ದರೆ ಮಾತ್ರ ಅದೂ ಬೇಡ.

ಈ ಕಡೆಯ ಮಾತು ಮಾಸ್ತರರ ನಿದ್ದೆ ಕೆಡಿಸಿತು. ಸರಾಫರ ಅಂಗಡಿಗೆ ಹೋಗಿ ವಿಮಾನವನ್ನು ತಕ್ಕಡಿಗಿಟ್ಟರು. 263 ಗ್ರಾಂ!

"ಮಾಸ್ತರ, ಹಾಲ್‌ಮಾರ್ಕ್ ಹಾಕಿಸೋದೈತೇನ್ರಿ?" ಎಂದು ಸರಾಫರು ನಕ್ಕರು.

ತೂಕಕ್ಕೆ ಗೆರೆ ಎಳೆದಲ್ಲೆಲ್ಲ ಗೆರೆಯ ಈಚೆಗೆ ನುಸುಳುವುದು ಮನುಷ್ಯಸ್ವಭಾವ. ಚೀನಾದ ಡಿಜೆಐ ಕಂಪನಿ 2019ರಲ್ಲಿ ಮಾರುಕಟ್ಟೆಗೆ ತಂದ ಮ್ಯಾವಿಕ್ ಮಿನಿಯ ತೂಕ 249 ಗ್ರಾಂ. ಅಷ್ಟು ದೊಡ್ಡ ಕಂಪನಿ ಮಾಡಿದ್ದನ್ನು ಮಾಸ್ತರರು ಮಾಡಬಾರದೆ? ಬಣ್ಣ ಕೆರೆದರು. ಗಾಲಿ ಕಿತ್ತು ಮೇಜಿನ ಡ್ರಾಯರಿಗೆ ಹಾಕಿದರು. ಕಡೆಯ ಮೂರು ಗ್ರಾಮಿಗಾಗಿ ಮೂಗಿನ ತುದಿಯ ರಬ್ಬರಿನ ಟೊಪ್ಪಿಗೆಯನ್ನೂ ಬಿಚ್ಚಿದರು.

"ಕಾಯ್ದೇನ ಗೆದ್ದಿ ಬಿಡು!" ಎಂದ, ಹಾವೇರಿಯಲ್ಲಿ ವಕೀಲಿ ಮಾಡುವ ಗೆಳೆಯ.

ಫೆಬ್ರವರಿಯಲ್ಲಿ ಬ್ಯಾಡಗಿಯ ತಂಗಿಯ ಮನೆಗೆ ಹೋದಾಗ ವಿಮಾನವೂ ಜೊತೆಗಿತ್ತು. ಹೊಲದಾಚೆ ಕಣದ ತುಂಬ ಮೆಣಸಿನಕಾಯಿ ಹರಡಿ, ನೆಲಕ್ಕೆ ಕೆಂಪು ಜಮಖಾನ ಹಾಸಿದಂತಿತ್ತು. ಅಂಚಿನಲ್ಲಿ ಹೆಂಗಸರು ಕುಳಿತು ತೊಟ್ಟು ಬಿಡಿಸುತ್ತಿದ್ದರು. ಮೂಡಣ ಗಾಳಿ ಒಮ್ಮೆಲೇ ಎದ್ದಿತು. ಹಗುರಾದ ವಿಮಾನ ಕೈಮಾತು ಕೇಳದೆ ಓಲಾಡಿ, ಮೋಟಾರು ತಿರುಗುತ್ತಿರುವಂತೆಯೇ ಕಣಕ್ಕೆ ಎರಗಿತು.

ಮಾಸ್ತರರು ಓಡಿಬರುವಷ್ಟರಲ್ಲಿ ಒಬ್ಬಾಕೆಯ ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. ಆಕೆ ಗಾಬರಿಯಲ್ಲಿ ಅದೇ ಕೈಯಿಂದ ಒರೆಸಿಕೊಂಡಳು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದುದು, ಖಾರಕ್ಕಲ್ಲ. ಆದರೆ ಹಸಿ ಗಾಯಕ್ಕೆ ಅಷ್ಟು ಖಾರ ಧಾರಾಳವಾಯಿತು. ಆಕೆಯ ಚೀರಾಟ ಕೇಳಿ ಮಾಸ್ತರರ ಕಾಲು ನಡುಗಿದವು.

ದವಾಖಾನೆಯಲ್ಲಿ ಮೂರು ಹೊಲಿಗೆ ಬಿದ್ದವು. ಔಷಧದ ಖರ್ಚನ್ನೂ ವಾರದ ಕೂಲಿಯನ್ನೂ ಮಾಸ್ತರರೇ ಕೊಟ್ಟರು. ನೋಟು ಎಣಿಸಿ ಸೆರಗಿಗೆ ಕಟ್ಟಿಕೊಳ್ಳುತ್ತ ಆಕೆ ಕೇಳಿದಳು: "ಇದರ ಮೂತಿಗೆ ಏನರ ಮೆತ್ತಗಿಂದು ಹಚ್ಚಬಾರದೇನ್ರಿ, ಸರ? ಒಂದು ಬೆರಳು ಕೆಳಗಾಗಿದ್ರ ಕಣ್ಣs ಹೋಗ್ತಿತ್ತು."

ಮಾಸ್ತರರು ಉತ್ತರಿಸಲಿಲ್ಲ. ಊರಿಗೆ ಮರಳಿದ ರಾತ್ರಿಯೇ ರಬ್ಬರಿನ ಟೊಪ್ಪಿಗೆ ಮೂಗಿಗೇರಿತು, ಮೊದಲಿಗಿಂತ ದಪ್ಪನಾದುದು. ತೂಕ ನೋಡಲು ಸರಾಫರ ಅಂಗಡಿಗೆ ಹೋಗಲಿಲ್ಲ. ಮರುದಿನ ನೇರವಾಗಿ ವಿಮೆಯ ಕಚೇರಿಯ ಮೆಟ್ಟಿಲು ಹತ್ತಿದರು.

ಗುಮಾಸ್ತ ಫಾರಮು ತೆಗೆದು, ತಲೆಯೆತ್ತದೆ ಕೇಳಿದ: "ಗಾಡಿ ನಂಬರು? ಎಷ್ಟು ಗಾಲೀದ್ರಿ?"

ಮಾಸ್ತರರಿಗೆ ಡ್ರಾಯರಿನಲ್ಲಿದ್ದ ಗಾಲಿಗಳ ನೆನಪಾಯಿತು.