ಕಣ್ಣಿಗೆ ಕಾಣದ ಕೆಂಪು

ರೋಗವೆಂದರೆ ನೋವು, ಜ್ವರ, ಹಾಸಿಗೆ ಎಂದೇ ನಾವೆಲ್ಲರೂ ತಿಳಿದಿರುತ್ತೇವೆ. ಆಡಿಕೊಂಡು, ಓಡಿಕೊಂಡು, ಹೊಟ್ಟೆತುಂಬ ಉಣ್ಣುತ್ತಿರುವ ಮಗುವಿನ ಮೈಯಲ್ಲಿ ಏನೋ ಸರಿಯಿಲ್ಲವೆಂದು ಒಂದು ಕಾಗದದಲ್ಲಿ ಬರೆದುಕೊಟ್ಟರೆ ಮನೆಯವರಿಗೆ ಹೇಗಾಗಬೇಡ? ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಹೀಗೆಯೇ ಆಯಿತು. ಆಗ ಎಂಟು ವರ್ಷದವಳಾಗಿದ್ದ ನನ್ನ ತಂಗಿಗೆ ಜ್ವರ ಬಂದಿತ್ತು. ಆ ಸಮಯದಲ್ಲಿ ಮಾಡಿಸಿದ ಪರೀಕ್ಷೆಯಿಂದ ಅವಳ ಮೂತ್ರದಲ್ಲಿ ಕೆಂಪು ರಕ್ತಕಣಗಳಿವೆಯೆಂದು ತಿಳಿದುಬಂದಿತು. ಮೂತ್ರದ ಬಣ್ಣವೇನೋ ಎಂದಿನಂತೆ ತಿಳಿಯಾಗಿಯೇ ಇತ್ತು. ಆ ರಕ್ತವನ್ನು ಕಂಡದ್ದು ಸೂಕ್ಷ್ಮದರ್ಶಕ ಯಂತ್ರವೊಂದೇ.

ಗಾಬರಿಯಿಂದ ಓಡಿದ ತಂದೆಯವರನ್ನು ವೈದ್ಯರು ಸಮಾಧಾನಪಡಿಸಿದರು. ಜ್ವರ ಬಂದಾಗ, ಮೈಮುರಿಯುವಂತೆ ಆಟವಾಡಿದಾಗ ಇಂತಹ ಕಣಗಳು ಒಂದೆರಡು ದಿನ ಕಾಣಿಸಿಕೊಂಡು ಮಾಯವಾಗುವುದುಂಟು. ಆದುದರಿಂದ ಒಂದೇ ಪರೀಕ್ಷೆಯನ್ನು ನಂಬಬಾರದು. ಕೆಲವು ವಾರಗಳ ಅಂತರದಲ್ಲಿ ಇನ್ನೆರಡು ಸಲ ನೋಡಬೇಕು ಎಂದರು. ಜಪಾನ್ ದೇಶದಲ್ಲಿ 1974ರಿಂದ ಶಾಲೆಯ ಮಕ್ಕಳೆಲ್ಲರ ಮೂತ್ರವನ್ನೂ ಪ್ರತಿವರ್ಷ ಪರೀಕ್ಷಿಸುತ್ತಾರೆಂದೂ, ಮೊದಲ ಸಲ ರಕ್ತ ಕಂಡ ಮಕ್ಕಳಲ್ಲಿ ಅನೇಕರಿಗೆ ಎರಡನೆಯ ಸಲ ಏನೂ ಕಾಣುವುದಿಲ್ಲವೆಂದೂ ತಿಳಿಸಿದರು. ಆದರೆ ನನ್ನ ತಂಗಿಗೆ ಎರಡನೆಯ ಸಲವೂ, ಮೂರನೆಯ ಸಲವೂ ಕಂಡಿತು. ಯಂತ್ರದ ಒಂದು ನೋಟದಲ್ಲಿ ಐದಕ್ಕಿಂತ ಹೆಚ್ಚು ಕಣಗಳಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಂತೆ. ಅವಳದರಲ್ಲಿ ಹದಿನೈದರ ಮೇಲಿದ್ದವು. ಕಾರಣ ಮಾತ್ರ ತಿಳಿಯಲಿಲ್ಲ.

ಅಷ್ಟರಲ್ಲಿ, ಬಹಳ ಮೊದಲೇ ನಿಶ್ಚಯವಾಗಿದ್ದ ಅಜ್ಜಿಯ ಕಾಶೀಯಾತ್ರೆಯ ದಿನ ಬಂದಿತು. ಪ್ರಯಾಣಕ್ಕೆ ಅಡ್ಡಿಯಿಲ್ಲವೆಂದು ವೈದ್ಯರು ಹೇಳಿದ ಮೇಲೆ ನಾವೆಲ್ಲರೂ ಹೊರಟೆವು. ಕನ್ನಡ ನಾಡಿನ ಯಾತ್ರಿಕರಿಗೆ ಪರಿಚಿತವಾದ ಜಂಗಮವಾಡಿ ಮಠದ ಬೀದಿಯಿಂದ ದಶಾಶ್ವಮೇಧ ಘಾಟಿಗೆ ಹೆಚ್ಚು ದೂರವಿಲ್ಲ. ಬ್ರಹ್ಮದೇವನು ಹತ್ತು ಅಶ್ವಮೇಧಗಳನ್ನು ಮಾಡಿದ ಸ್ಥಳವೆಂದು ಅದಕ್ಕೆ ಆ ಹೆಸರು. ಬಿದಿರಿನ ದೊಡ್ಡ ಛತ್ರಿಗಳ ಕೆಳಗೆ ಪುರೋಹಿತರು, ಮೆಟ್ಟಿಲುಗಳ ತುಂಬ ನಾನಾ ಭಾಷೆಗಳ ಜನ, ಸಂಜೆಯಾದರೆ ಗಂಗಾರತಿಯ ದೀಪಗಳು! ನೋಡಿದಷ್ಟೂ ಸಾಲದು.

ಅಜ್ಜಿ ಮಿಂದು ಬಂದು ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತುಂಬಿಕೊಳ್ಳುತ್ತಿದ್ದರು. ತಂಗಿ ಅವರ ಸೆರಗನ್ನು ಹಿಡಿದು, “ಅಜ್ಜೀ, ಇಲ್ಲಿ ಮುಳುಗಿದರೆ ನನ್ನ ರಕ್ತ ನಿಲ್ಲುತ್ತದೆಯೇ?” ಎಂದು ಕೇಳಿದಳು. ನಾವು ಅವಳೆದುರಿಗೆ ಈ ವಿಷಯವನ್ನು ಆಡಿಯೇ ಇರಲಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಒಳಗೊಳಗೇ ಹೆದರುತ್ತಿದ್ದಳೆಂದು ಆಗ ತಿಳಿಯಿತು. ಅಜ್ಜಿ ಅವಳ ತಲೆಯನ್ನು ಸವರಿ, “ಗಂಗಮ್ಮ ಧೈರ್ಯ ಕೊಡುತ್ತಾಳೆ, ಮಗು. ಕಾರಣ ಹುಡುಕುವುದು ಡಾಕ್ಟರ ಕೆಲಸ. ಇಬ್ಬರನ್ನೂ ನಂಬೋಣ” ಎಂದರು. ನಾನು ಬೊಗಸೆಯಲ್ಲಿ ನೀರೆತ್ತಿ, “ಇದರಲ್ಲಿ ಮರಳಿನ ಕಣ ಎಷ್ಟಿವೆ, ಹೇಳು” ಎಂದೆನು. ಅವಳು ಬಹಳ ಹೊತ್ತು ನೋಡಿ, “ಕಾಣುವುದಿಲ್ಲ, ಆದರೆ ಇರಬಹುದು” ಎಂದಳು. ಅವಳ ಮೂತ್ರದಲ್ಲಿನ ಕಣಗಳೂ ಹಾಗೆಯೇ ಎಂದು ವಿವರಿಸಿದೆನು. ಅವಳ ಮುಖ ಸ್ವಲ್ಪ ಗೆಲುವಾಯಿತು.

ಕಾಶಿಗೂ ಈ ವಿಷಯಕ್ಕೂ ಹಳೆಯ ನಂಟೊಂದು ಇದೆ. ಕಾಶಿಯ ಅರಸನಾದ ದಿವೋದಾಸ ಧನ್ವಂತರಿಯು ಸುಶ್ರುತನಿಗೆ ವೈದ್ಯವನ್ನು ಬೋಧಿಸಿದನೆಂದು ಸುಶ್ರುತಸಂಹಿತೆಯೇ ಹೇಳುತ್ತದೆ. ಮೂತ್ರಾಶಯದ ಕಲ್ಲು ವಿಶೇಷವಾಗಿ ಮಕ್ಕಳಲ್ಲಿ ಉಂಟಾಗುವುದೆಂದೂ, ಆಗ ಮೂತ್ರವು ರಕ್ತದಿಂದ ಕೂಡಿರಬಹುದೆಂದೂ ಆ ಗ್ರಂಥದಲ್ಲಿದೆ. ಕಣ್ಣಿಗೆ ಕಂಡ ರಕ್ತವನ್ನು ಅವರು ಬಲ್ಲವರಾಗಿದ್ದರು. ಕಾಣದ ರಕ್ತವನ್ನು ತೋರಿಸುವ ಯಂತ್ರ ಮಾತ್ರ ಆಗ ಇರಲಿಲ್ಲ.

ಊರಿಗೆ ಮರಳಿದ ಮೇಲೆ ವೈದ್ಯರು ಕಾರಣಗಳನ್ನು ಒಂದೊಂದಾಗಿ ಶೋಧಿಸಿದರು. ನಮ್ಮ ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸಣ್ಣ ಜಾಲರಿಗಳಿದ್ದು, ಅವು ರಕ್ತವನ್ನು ಸೋಸುತ್ತವೆ. ಗಂಟಲುನೋವು ಬಂದ ಒಂದೆರಡು ವಾರಗಳ ಅನಂತರ, ಅಥವಾ ಚರ್ಮದ ಹುಣ್ಣಾದ ಕೆಲವು ವಾರಗಳ ಅನಂತರ ಈ ಜಾಲರಿಗಳು ಊದಿಕೊಳ್ಳುವುದುಂಟು. ಮಗು ಗುಣವಾದರೂ ಕಣಗಳು ತಿಂಗಳುಗಟ್ಟಲೆ ಕಾಣಬಹುದು. ಕೆಲವರ ಮೂತ್ರದಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಹೆಚ್ಚಾಗಿರುತ್ತದೆ. ಮುಂದೆ ಕಲ್ಲಾಗುವುದಕ್ಕೆ ಅದು ದಾರಿಯಾಗಬಹುದು. ಮೂತ್ರಮಾರ್ಗದ ಸೋಂಕೂ ಕಾರಣವಾಗಬಹುದು. 1968ರಲ್ಲಿ ಫ್ರಾನ್ಸಿನ ಬರ್ಜೆ ಎಂಬವರು ವರ್ಣಿಸಿದ ಐಜಿಎ ಎಂಬ ಕಾಯಿಲೆಯಿದೆ. 1927ರಲ್ಲಿ ಆಲ್‌ಪೋರ್ಟ್ ಎಂಬ ವೈದ್ಯರು ವಿವರಿಸಿದ, ಕಿವಿಯನ್ನೂ ಮೂತ್ರಪಿಂಡವನ್ನೂ ಕೆಡಿಸುವ ವಂಶಪಾರಂಪರ್ಯದ ರೋಗವಿದೆ. ಜಾಲರಿಯ ಪೊರೆ ಹುಟ್ಟಿನಿಂದಲೇ ತೆಳುವಾಗಿರುವುದೂ ಉಂಟು. ಇದು ಮನೆತನದಲ್ಲಿ ಹರಿದುಬರುತ್ತದೆ, ಸಾಮಾನ್ಯವಾಗಿ ಕೇಡು ಮಾಡುವುದಿಲ್ಲ. ಎಷ್ಟು ಹುಡುಕಿದರೂ ಕಾರಣ ಸಿಕ್ಕದೆ, ಕಾಲಕ್ರಮದಲ್ಲಿ ತಾನಾಗಿಯೇ ನಿಂತುಹೋಗುವುದೂ ಉಂಟಂತೆ.

ತಂಗಿಯ ರಕ್ತದೊತ್ತಡ ಸರಿಯಾಗಿತ್ತು. ಮೂತ್ರದಲ್ಲಿ ಪ್ರೋಟೀನು ಇರಲಿಲ್ಲ. ಕಲ್ಲಾಗಲಿ ಸೋಂಕಾಗಲಿ ಇರಲಿಲ್ಲ. ಕಿವಿಯೂ ಚೆನ್ನಾಗಿ ಕೇಳುತ್ತಿತ್ತು. ಕೊನೆಗೆ ವೈದ್ಯರು ನಮ್ಮೆಲ್ಲರ ಮೂತ್ರವನ್ನೂ ತರಿಸಿ ನೋಡಿದರು. ತಾಯಿಯವರದರಲ್ಲಿಯೂ ಅದೇ ಕಣಗಳು! ಮೂವತ್ತೆಂಟು ವರ್ಷ ಅವರು ಅದನ್ನು ಅರಿಯದೆಯೇ ಆರೋಗ್ಯವಾಗಿ ಬಾಳಿದ್ದರು. ಅವರ ರಕ್ತದೊತ್ತಡವೂ ಮೂತ್ರಪಿಂಡಗಳೂ ಸರಿಯಾಗಿಯೇ ಇದ್ದವು. ಇದು ಬಹುಮಟ್ಟಿಗೆ ತೆಳುಪೊರೆಯೇ ಇರಬೇಕೆಂದು ವೈದ್ಯರು ಅಭಿಪ್ರಾಯಪಟ್ಟರು. “ಹೆದರಬೇಡಿ, ಆದರೆ ಮರೆಯಲೂ ಬೇಡಿ. ವರ್ಷಕ್ಕೊಮ್ಮೆ ಇಬ್ಬರೂ ಮೂತ್ರವನ್ನೂ ರಕ್ತದೊತ್ತಡವನ್ನೂ ನೋಡಿಸಿಕೊಳ್ಳಿ” ಎಂದು ಹೇಳಿ ಕಳುಹಿಸಿದರು. ತಾಯಿಯವರು ಅಂದು ಮನೆಗೆ ಬಂದು ತಂಗಿಯನ್ನು ಅಪ್ಪಿಕೊಂಡು, “ನೀನು ನನ್ನ ಮಗಳೇ ಸರಿ” ಎಂದು ನಕ್ಕರು. ಎಷ್ಟೋ ದಿನಗಳ ಮೇಲೆ ಅವರು ನಕ್ಕದ್ದು ಅಂದೇ. ಈಗ ಅವಳು ಐದನೆಯ ತರಗತಿಯಲ್ಲಿದ್ದಾಳೆ; ಖೊಖೊ ಆಟದಲ್ಲಿ ಅವಳನ್ನು ಹಿಡಿಯುವವರಿಲ್ಲ.

ಸಹಪಾಠಿಗಳೇ, ಮೂತ್ರದ ಮಾತೆಂದರೆ ನಾವು ನಾಚಿಕೊಂಡು ನಗುತ್ತೇವೆ. ಬೀಟ್‌ರೂಟ್ ತಿಂದ ಮರುದಿನ ಮೂತ್ರ ಕೆಂಪಾದರೆ ಭಯವಿಲ್ಲ. ಆದರೆ ಅದು ಚಹದ ಕಷಾಯದ ಬಣ್ಣಕ್ಕೆ ತಿರುಗಿದರೆ, ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಬಾವು ಕಂಡರೆ, ಮೂತ್ರ ಕಡಮೆಯಾದರೆ, ಉರಿ ಅಥವಾ ನೋವಿದ್ದರೆ ಅದೇ ದಿನ ಹಿರಿಯರಿಗೆ ತಿಳಿಸಿರಿ. ಹೇಳಲು ಬೇಕಾದುದು ಒಂದು ಗಳಿಗೆಯ ಧೈರ್ಯ ಮಾತ್ರ.