ರಾಜಘಟ್ಟದ ದೊಡ್ಡಪ್ಪ ಮತ್ತು ಪಾಲಿಕ್ಲಿನಿಕ್ಕಿನ ಬೆಂಚು

ದೊಡ್ಡಬಳ್ಳಾಪುರ ಅಂದ್ರೆ ಬೆಂಗಳೂರಿನವರಿಗೆ ನೆನಪಾಗೋದು ಘಾಟಿ ಸುಬ್ರಹ್ಮಣ್ಯ, ಇಲ್ಲಾಂದ್ರೆ ಮಾಕಳಿದುರ್ಗದ ಬೆಟ್ಟ, ಅದೂ ಇಲ್ಲಾಂದ್ರೆ ಮಗ್ಗದ ಸೀರೆ. ಅದೇ ತಾಲ್ಲೂಕಿನ ರಾಜಘಟ್ಟ ನೋಡಬೇಕು ಅಂತಲೇ ಮನೆಯಿಂದ ಹೊರಟವರನ್ನು ನಾನು ಕಂಡಿದ್ದು ಕಡಿಮೆ. ನಾನು ಹೋಗೋದು ಅದು ದೊಡ್ಡಮ್ಮನ ಊರು ಅನ್ನೋ ಕಾರಣಕ್ಕೆ. ದೊಡ್ಡಮ್ಮ ತೀರಿಕೊಂಡು ಐದು ವರ್ಷ ಆಯ್ತು. ಮಗಳು ತುಮಕೂರಿನಲ್ಲಿ, ಮಗ ಪುಣೆಯಲ್ಲಿ. ಮನೆಯಲ್ಲಿ ಈಗ ದೊಡ್ಡಪ್ಪ ಒಬ್ಬರೇ. ಹೆಬ್ಬಾಳದ ಹತ್ತಿರ ನನ್ನ ಕೆಲಸ. ತಿಂಗಳಿಗೆ ಎರಡು ಸಲ ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ಒಂದು ಕವರ್ ಹಣ್ಣು ಹಿಡಿದುಕೊಂಡು ಬಂದುಬಿಡ್ತೀನಿ.

ಊರಿನ ಕೆರೆ ಹತ್ತಿರ ಒಂದು ದಿಬ್ಬ ಇದೆ. ಬೂದಿಗುಂಡಿ ಅಂತ ಜನ ಕರೆಯುತ್ತಿದ್ದ ಜಾಗ. ಮೈಸೂರು ವಿಶ್ವವಿದ್ಯಾಲಯದವರು 2001ರಲ್ಲಿ ಮತ್ತು 2004ರಲ್ಲಿ ಇಲ್ಲಿ ಅಗೆದಾಗ ಬೌದ್ಧರ ಚೈತ್ಯ ಮತ್ತು ವಿಹಾರದ ಇಟ್ಟಿಗೆಯ ತಳಪಾಯ ಸಿಕ್ಕಿತು. ಜೊತೆಗೆ ಹರಕೆಗೆ ಒಪ್ಪಿಸಿದ ಜೇಡಿಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು. ಸುಮಾರು ಒಂದೂವರೆ ಸಾವಿರ ವರ್ಷ ಹಳೆಯದು. ಬೆಂಗಳೂರಿನ ಇಷ್ಟು ಹತ್ತಿರ ಒಂದು ಬೌದ್ಧ ನೆಲೆ ಇತ್ತು ಅನ್ನೋದು ನನ್ನ ಆಫೀಸಿನಲ್ಲಿ ಹೇಳಿದರೆ ಯಾರೂ ನಂಬಲ್ಲ. ಹಂಪಿ, ಬಾದಾಮಿ ನೋಡಿದ ಕಣ್ಣಿಗೆ ಇಲ್ಲಿ ಕಾಣೋದು ಕಡಿಮೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ಆದರೆ ಕೆರೆ ಏರಿ ಮೇಲೆ ಸಂಜೆ ನಡೆಯೋಕೆ ಚೆನ್ನಾಗಿದೆ. ಬೆಳಿಗ್ಗೆ ಸೈನ್ಯದ ರ‍್ಯಾಲಿಗೆ ತಯಾರಾಗೋ ಹುಡುಗರು ಅದೇ ಏರಿ ಮೇಲೆ ಓಡ್ತಾ ಇರ್ತಾರೆ. ಯಾರಾದರೂ ದೊಡ್ಡಪ್ಪನ ಮುಂದೆ ಬಂದರೆ ಓಟ ನಿಲ್ಲಿಸಿ ನೆಟ್ಟಗಾಗ್ತಾರೆ. ಯಾಕಂದ್ರೆ ದೊಡ್ಡಪ್ಪ ಈ ಬೀದಿಗೆಲ್ಲ ‘ಹವಾಲ್ದಾರ್ ಸಾಹೇಬ್ರು’. 1973ರಲ್ಲಿ ಹದಿನೆಂಟಕ್ಕೇ ಫಿರಂಗಿ ದಳ ಸೇರಿದವರು, 1995ರಲ್ಲಿ ನಿವೃತ್ತಿ. ಆಮೇಲೆ ಹದಿನಾರು ವರ್ಷ ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ತೋಪಿನ ಸದ್ದಿಗೆ ಎಡಗಿವಿ ಅರ್ಧ ಹೋಗಿದೆ. ಅದಕ್ಕೇ ನಾವೆಲ್ಲ ಅವರ ಬಲಗಡೆಗೇ ಕೂತು ಮಾತಾಡೋದು.

ವಿಹಾರದ ನಕ್ಷೆಯನ್ನು ಫೋನಿನಲ್ಲಿ ತೋರಿಸಿ, ಸುತ್ತ ಕೋಣೆಗಳು, ಒಂದೊಂದರಲ್ಲಿ ಭಿಕ್ಷುಗಳು ಅಂತ ವಿವರಿಸಿದೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, “ನಮ್ಮ ಬ್ಯಾರಕ್ ಥರಾನೇ ಐತಲ್ಲೋ ಮಗ” ಅಂದರು. ಮನೆ ಬಿಟ್ಟು ಬಂದ ಗಂಡಸರು, ಒಂದೇ ಥರದ ಬಟ್ಟೆ, ಗಂಟೆ ಹೊಡೆದರೆ ಊಟ. ಹೋಲಿಕೆ ತಪ್ಪಿಲ್ಲ. ಮನೆ ಬಿಟ್ಟವನಿಗೆ ಕಾಯಿಲೆ ಬಂದರೆ ನೋಡೋರು ಯಾರು ಅನ್ನೋ ಪ್ರಶ್ನೆ ಅಲ್ಲೂ ಎದ್ದಿತ್ತು. ಭೇದಿಯಾಗಿ ಒಬ್ಬನೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಆನಂದನ ಜೊತೆ ಸೇರಿ ತಾನೇ ತೊಳೆದು ಮಲಗಿಸಿದ, ನಿಮಗೆ ನೀವೇ ಅಲ್ಲವೇ ದಿಕ್ಕು ಅಂತ ಉಳಿದವರನ್ನು ಕೇಳಿದ ಅಂತ ವಿನಯಪಿಟಕದಲ್ಲಿ ಒಂದು ಕಥೆ ಬರುತ್ತೆ. ದೊಡ್ಡಪ್ಪನಿಗೆ ಹೇಳಿದೆ. “ಬ್ಯಾರಕ್ನಲ್ಲಿ ಪಕ್ಕದ ಮಂಚದೋನು ನೋಡ್ಕೋತಿದ್ದ. ಊರಿಗೆ ಬಂದ್ಮೇಲೆ ಪಕ್ಕದ ಮಂಚ ಎಲ್ಲಿ ಬಂತು?” ಅಂದು ಸುಮ್ಮನಾದರು.

ಮಾಜಿ ಸೈನಿಕರ ಚಿಕಿತ್ಸೆಗೆ ಅಂತ ಕೇಂದ್ರ ಸರ್ಕಾರ ನಡೆಸೋ ಯೋಜನೆ ಇಸಿಎಚ್‌ಎಸ್. 2003ರ ಏಪ್ರಿಲ್ 1ರಿಂದ ಇದೆ. ಪಿಂಚಣಿ ಬರುವ ಸೈನಿಕ, ಅವರ ಹೆಂಡತಿ, ಅವಲಂಬಿತರು ಇದಕ್ಕೆ ಸೇರಬಹುದು. ಒಂದೇ ಸಲ ದುಡ್ಡು ಕಟ್ಟಬೇಕು. 1996ರ ಜನವರಿ 1ಕ್ಕಿಂತ ಮುಂಚೆ ನಿವೃತ್ತರಾದವರಿಗೆ ಅದೂ ಇಲ್ಲ, ಹಾಗಾಗಿ ದೊಡ್ಡಪ್ಪನಿಗೆ ಕಾರ್ಡು ಪುಕ್ಕಟೆ. ಮೊದಲು ಪಾಲಿಕ್ಲಿನಿಕ್‌ಗೆ ಹೋಗಬೇಕು. ಅಲ್ಲಿನ ಡಾಕ್ಟರು ಬೇಕು ಅನಿಸಿದರೆ ರೆಫರಲ್ ಬರೆದುಕೊಡ್ತಾರೆ. ಅದನ್ನು ಹಿಡಿದು ಪಟ್ಟಿಯಲ್ಲಿರುವ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದರೆ ಕೈಯಿಂದ ದುಡ್ಡು ಬಿಚ್ಚಬೇಕಿಲ್ಲ. ನನ್ನ ಕಂಪನಿ ಕೊಡೋ ವಿಮೆಗಿಂತ ಇದು ಎಷ್ಟೋ ಮೇಲು, ಸುಳ್ಳು ಹೇಳಲ್ಲ.

ತೊಂದರೆ ಇರೋದು ಊರಿನ ಬಸ್ ಸ್ಟಾಪಿನಿಂದ ಪಾಲಿಕ್ಲಿನಿಕ್ಕಿನ ಬಾಗಿಲ ತನಕ. ರಾಜಘಟ್ಟದಿಂದ ದೊಡ್ಡಬಳ್ಳಾಪುರ, ಅಲ್ಲಿಂದ ಯಲಹಂಕ, ಅಲ್ಲಿಂದ ಇನ್ನೊಂದು ಬಸ್ಸು. ಹೋಗೋಕೆ ಮೂರು, ಬರೋಕೆ ಮೂರು. ಕಣ್ಣಿಗೆ ಪೊರೆ ಬಂದಾಗ ಪಾಲಿಕ್ಲಿನಿಕ್‌ಗೆ ಒಂದು ದಿನ, ರೆಫರಲ್ ಹಿಡಿದು ಕಣ್ಣಾಸ್ಪತ್ರೆಗೆ ಒಂದು ದಿನ, ಅವರು ಬರೆದ ಔಷಧಿ ತಗೊಳ್ಳೋಕೆ ಮತ್ತೆ ಪಾಲಿಕ್ಲಿನಿಕ್‌ಗೆ ಒಂದು ದಿನ. ಆಪರೇಷನ್ ಲೆಕ್ಕ ಬೇರೆ. ಕಣ್ಣು ಮಂಜಾದ ಮನುಷ್ಯ ಹದಿನೆಂಟು ಬಸ್ಸಿನ ಬೋರ್ಡು ಓದಬೇಕು!

ಆದರೂ ದೊಡ್ಡಪ್ಪ ಗೊಣಗಲ್ಲ. ಹಿಂದಿನ ರಾತ್ರಿಯೇ ಬೂಟಿಗೆ ಪಾಲಿಶ್, ಶರ್ಟಿಗೆ ಇಸ್ತ್ರಿ. ಪಾಲಿಕ್ಲಿನಿಕ್ ಅನ್ನೋ ಪದ ಅವರ ಬಾಯಲ್ಲಿ ಇವತ್ತಿಗೂ ಬರಲ್ಲ, “ಎಂ.ಐ. ರೂಮಿಗೆ ಹೋಗ್ಬೇಕು” ಅಂತಾರೆ. ಪಲ್ಟನ್ನಿನಲ್ಲಿ ಕಾಯಿಲೆಯವರನ್ನು ನೋಡೋ ಕೋಣೆಗೆ ಆ ಹೆಸರು. ಮೊದಲ ಸಲ ಜೊತೆಗೆ ಹೋದಾಗ ಆ ಪಾಲಿಶಿನ ಗುಟ್ಟು ಗೊತ್ತಾಯ್ತು. ಹಾಲ್‌ನಲ್ಲಿ ಉದ್ದದ ಬೆಂಚು. ಕೂತ ಎರಡೇ ನಿಮಿಷಕ್ಕೆ ಪಕ್ಕದವರು “ಕೌನ್ಸಾ ಯೂನಿಟ್?” ಅಂತ ಕೇಳಿದರು. ಮುಗೀತು. ಜಮ್ಮು, ನಾಗಾಲ್ಯಾಂಡ್, ಯಾವುದೋ ಒಬ್ಬ ಸುಬೇದಾರನ ಮೀಸೆ. ಟೋಕನ್ ನಂಬರ್ ಕರೆದಾಗ ಎದ್ದು ಹೋಗೋಕೆ ಬೇಜಾರು. ಊರಿನಲ್ಲಿ ವಾರಕ್ಕೆ ಹತ್ತು ಮಾತಾಡದ ಮನುಷ್ಯ ಅವತ್ತು ಎರಡು ಗಂಟೆ ನಿಲ್ಲಿಸದೆ ಮಾತಾಡಿದರು. ಎಡಗಿವಿ ಸಮಸ್ಯೆಯೂ ಇಲ್ಲ, ಅಲ್ಲಿ ಎಲ್ಲರೂ ಜೋರಾಗೇ ಮಾತಾಡೋದು.

ಡಾಕ್ಟರ ಮುಂದೆ ಮಾತ್ರ ಬೇರೆಯೇ ಮನುಷ್ಯ. ಚಿಕ್ಕ ವಯಸ್ಸಿನ ಡಾಕ್ಟರಮ್ಮ “ಹೇಗಿದ್ದೀರಿ ಸರ್?” ಅಂದರೆ ಎದ್ದು ನಿಂತು “ಠೀಕ್ ಹೈ ಸಾಬ್!” ಮಂಡಿ ನೋವು? ಠೀಕ್ ಹೈ. ನಿದ್ದೆ? ಠೀಕ್ ಹೈ. ಇಪ್ಪತ್ತೆರಡು ವರ್ಷ ಹಾಗೇ ಕಲಿತದ್ದು. ಪದೇ ಪದೇ ಸಿಕ್ ರಿಪೋರ್ಟ್ ಮಾಡೋನನ್ನು ಕೆಲಸಗಳ್ಳ ಅಂತ ನೋಡುವ ಜಾಗದಲ್ಲಿ ಬೆಳೆದವರು. ನೋವು ಹೇಳಿಕೊಳ್ಳೋದು ಅಂದ್ರೆ ದೂರು ಹೇಳಿದ ಹಾಗೆ ಅವರಿಗೆ.

ಕಳೆದ ವರ್ಷ ಎರಡು ಸಲ ರಾತ್ರಿ ಬಚ್ಚಲಲ್ಲಿ ಬಿದ್ದಿದ್ದರು. ಒಂದು ಸಲ ಹುಬ್ಬಿನ ಮೇಲೆ ಮೂರು ಹೊಲಿಗೆ. ಮುಂದಿನ ಭೇಟಿಯಲ್ಲಿ ಅದಕ್ಕೂ “ಠೀಕ್ ಹೈ” ಅಂದುಬಿಟ್ಟರು. ಡಾಕ್ಟರಮ್ಮ ಚೀಟಿ ಬರೆಯೋದು ನಿಲ್ಲಿಸಿ ನನ್ನ ಕಡೆ ತಿರುಗಿ, “ರಾತ್ರಿ ಊಟ ಏನು ಮಾಡ್ತಾರೆ?” ಅಂತ ಕೇಳಿದರು. ಅಡುಗೆಮನೆ ಕಿಟಕಿಯಲ್ಲಿ ಬಿಸ್ಕತ್ತಿನ ಖಾಲಿ ಪೊಟ್ಟಣಗಳನ್ನು ಮಡಚಿ ಜೋಡಿಸಿಟ್ಟಿದ್ದನ್ನು ನೋಡಿದ್ದೆ, ಹೇಳಿದೆ. ದೊಡ್ಡಪ್ಪ ತಲೆ ತಗ್ಗಿಸಿದರು. “ಒಬ್ಬನಿಗೆ ಏನಂತ ಮುದ್ದೆ ತಿರುವೋದು ಮೇಡಂ...” ಅಂತ ಮೆಲ್ಲಗೆ ಕನ್ನಡದಲ್ಲಿ ಬಂತು. ಟೀ, ನಾಲ್ಕು ಬಿಸ್ಕತ್ತು, ಅದರ ಮೇಲೆ ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ಮಾತ್ರೆ. ಹೊಟ್ಟೆಗೆ ಸರಿಯಾಗಿ ಬೀಳದೆ ಆ ಮಾತ್ರೆ ನುಂಗಿದರೆ ರಕ್ತದ ಸಕ್ಕರೆ ತೀರಾ ಇಳಿದು ಬವಳಿ ಬರುತ್ತೆ. ಮಾತ್ರೆ ಸರಿಯಾಗಿತ್ತು, ಅದನ್ನು ತಪ್ಪದೆ ನುಂಗೋ ಶಿಸ್ತೂ ಸರಿಯಾಗಿತ್ತು. ಇಲ್ಲದೇ ಇದ್ದದ್ದು ಜೊತೆಗೆ ಊಟಕ್ಕೆ ಕೂರುವ ಜನ. ಡಾಕ್ಟರಮ್ಮ ಮಾತ್ರೆ ಬದಲಾಯಿಸಿದರು. ಊಟಕ್ಕೆ ಚೀಟಿ ಬರೆಯೋ ಹಾಗಿಲ್ಲವಲ್ಲ.

ಅವರು ಹಾಗೆ ಕೇಳಿದ್ದು ಅವರ ಸ್ವಭಾವ. ಎಲ್ಲ ಕಡೆ ಎಲ್ಲರೂ ಕೇಳಲೇಬೇಕು ಅಂತ ಆಗಬೇಕಾದರೆ ಅದು ಫಾರಂನಲ್ಲಿ ಇರಬೇಕು. ಅಮೆರಿಕದ ವೆಟರನ್ಸ್ ಅಫೇರ್ಸ್ ಇಲಾಖೆ 2018ರಲ್ಲಿ ‘ಏಕಾರ್ನ್’ ಅಂತ ಒಂದು ಪ್ರಶ್ನಾವಳಿ ಶುರು ಮಾಡಿತು. ಊಟಕ್ಕೆ ಇದೆಯಾ, ಮನೆ ಇದೆಯಾ, ಆಸ್ಪತ್ರೆಗೆ ಬರೋಕೆ ವಾಹನ ಇದೆಯಾ, ಫೋನು ಇಂಟರ್ನೆಟ್ಟು ಬಳಸೋಕೆ ಬರುತ್ತಾ, ಒಂಟಿತನ ಕಾಡುತ್ತಾ ಅಂತ ಮಾಜಿ ಸೈನಿಕರನ್ನು ಕೇಳ್ತಾರೆ, ಉತ್ತರ ನೋಡಿ ಸಮಾಜ ಕಾರ್ಯಕರ್ತರು ನೆರವಿಗೆ ಬರ್ತಾರೆ. ಅವರ ದುಡ್ಡು ನಮ್ಮಲ್ಲಿಲ್ಲ, ಒಪ್ಪಿದೆ. ಆದರೆ ರಕ್ತದೊತ್ತಡ ಬರೆಯೋ ಹಾಳೆಯಲ್ಲೇ “ಜೊತೆಗೆ ಯಾರು ಬಂದಿದ್ದಾರೆ? ಮನೆಯಲ್ಲಿ ಯಾರಿದ್ದಾರೆ?” ಅಂತ ಎರಡು ಸಾಲು ಸೇರಿಸೋಕೆ ಎಷ್ಟು ಖರ್ಚಾದೀತು? “ಠೀಕ್ ಹೈ” ಅಂತ ಉತ್ತರ ಕೊಡೋಕೆ ಆಗದ ಪ್ರಶ್ನೆಗಳು ಅವು.

ನಮ್ಮಲ್ಲೂ 2021ರ ಮೇ ತಿಂಗಳಲ್ಲಿ ರಕ್ಷಣಾ ಇಲಾಖೆ ‘ಸೇಹತ್’ ಅಂತ ಟೆಲಿಮೆಡಿಸಿನ್ ಸೇವೆ ಶುರು ಮಾಡಿದೆ, ಮನೆಯಿಂದಲೇ ವಿಡಿಯೋದಲ್ಲಿ ಡಾಕ್ಟರನ್ನು ನೋಡಬಹುದು. ಸಾಫ್ಟ್‌ವೇರ್‌ನವನಲ್ಲವಾ ನಾನು, ದೊಡ್ಡಪ್ಪನ ಫೋನಿನಲ್ಲಿ ತೋರಿಸಿದೆ. ಎಲ್ಲ ಕೇಳಿಸಿಕೊಂಡು, “ಡಾಕ್ಟ್ರು ಬರ್ತಾರೆ ಸರಿ. ಬೆಂಚು ಬರ್ತೈತಾ ಇದ್ರಲ್ಲಿ?” ಅಂದರು. ಹಾಸಿಗೆ ಹಿಡಿದವರಿಗೆ ಆ ಸೇವೆ ದೊಡ್ಡ ಅನುಕೂಲ. ದೊಡ್ಡಪ್ಪನಂಥವರಿಗೆ ಪ್ರಯಾಣ ತಪ್ಪಿಸಿದರೆ ಬೆಂಚೂ ತಪ್ಪುತ್ತೆ.

ಊಟದ ದಾರಿ ಹಿಂದಿನ ಬೀದಿಯಲ್ಲಿತ್ತು. ಅಲ್ಲೊಬ್ಬ ಅಜ್ಜಿ ಇದ್ದಾರೆ, ನಾಯಕ್ ಒಬ್ಬರ ವಿಧವೆ, ಎರಡು ಹಸು ಕಟ್ಟಿಕೊಂಡಿದ್ದಾರೆ. ಕುಟುಂಬ ಪಿಂಚಣಿ ಬರುತ್ತೆ, ಆದರೆ ಆಸ್ಪತ್ರೆ ಕಾರ್ಡು ಇಲ್ಲ. ಬಿ.ಪಿ. ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಐದೈದು ಕತ್ತರಿಸಿಕೊಂಡು ತರೋರು. ಕಾಗದ ತೆಗೆಸಿ ನೋಡಿದರೆ, ಮದುವೆಯಾದಾಗ ಪಲ್ಟನ್ನಿನ ಯಾವುದೋ ಗುಮಾಸ್ತ ಹೆಸರಿನ ಕೊನೆಯ ‘ಅಮ್ಮ’ ತೆಗೆದು ‘ದೇವಿ’ ಅಂತ ಬರೆದುಬಿಟ್ಟಿದ್ದಾನೆ. ಆಧಾರ್‌ನಲ್ಲಿ ಅಮ್ಮ, ಸೈನ್ಯದ ದಾಖಲೆಯಲ್ಲಿ ದೇವಿ. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ ಹೆಂಗಸರು. ಅರ್ಜಿ ಎರಡು ಸಲ ವಾಪಸ್. ಬೆಂಗಳೂರು ಅನ್ನೋ ಹೆಸರು ಮೊದಲು ಕಾಣಿಸೋದೇ ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲಿ ಅಂತಾರೆ. ಆ ಕಾಲದಲ್ಲಿ ಯುದ್ಧದಲ್ಲಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಡ್ತಿದ್ರು. ಆಗ ಹೆಸರಿನ ಸ್ಪೆಲ್ಲಿಂಗ್ ಯಾರೂ ಕೇಳಿರಲಿಕ್ಕಿಲ್ಲ!

ಅಫಿಡವಿಟ್ಟು, ಹಳೇ ಪಿ.ಪಿ.ಓ. ಪ್ರತಿ, ಜಂಟಿ ಫೋಟೋ ಎಲ್ಲ ಸೇರಿಸಿ ತಿದ್ದುಪಡಿಗೆ ಕಳಿಸಿದ್ದೀವಿ. ಬರವಣಿಗೆ ದೊಡ್ಡಪ್ಪನದು, ಸ್ಕ್ಯಾನ್ ಮತ್ತು ಅಪ್‌ಲೋಡ್ ನನ್ನದು. ಆ ಕೆಲಸದ ನೆಪದಲ್ಲಿ ಅಜ್ಜಿಗೆ ಬಿಸ್ಕತ್ತಿನ ವಿಷಯ ತಿಳೀತು. “ಏನಣ್ಣ, ಹೇಳ್ಬಾರ್ದಾ? ನಾನೂ ಒಬ್ಳಿಗೇ ತಾನೆ ತಿರುವೋದು” ಅಂತ ಗದರಿದರು. ಈಗ ರಾತ್ರಿ ಎಂಟಕ್ಕೆ ಮುದ್ದೆ, ಸಾರು ಡಬ್ಬಿಯಲ್ಲಿ ಬರುತ್ತೆ. ಪುಕ್ಕಟೆ ತಿನ್ನೋಕೆ ಹವಾಲ್ದಾರ್ ಸಾಹೇಬ್ರು ಒಪ್ಪಬೇಕಲ್ಲ? ರಾಗಿ ಚೀಲ, ಬೇಳೆ ಇವರ ಕಡೆಯಿಂದ. ಬಿದ್ದದ್ದು ಆಮೇಲೆ ಇಲ್ಲ.

ನಿಮ್ಮ ಊರಿನಲ್ಲೂ ಇಂಥ ಮನೆ ಇದ್ದರೆ, ಸೈನ್ಯದ ಕಾಗದದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಆಧಾರ್‌ಗೆ ಹೊಂದುತ್ತಾ ಅಂತ ಯಜಮಾನರು ಇರುವಾಗಲೇ ನೋಡಿಸಿಬಿಡಿ, ಆಮೇಲೆ ತುಂಬಾ ಓಡಾಟ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ದಾರಿ ಹೇಳ್ತಾರೆ. ಹದಿನೈದು ವರ್ಷ ತುಂಬುವ ಮುಂಚೆ ಬಿಟ್ಟು ಬಂದು ಪಿಂಚಣಿ ಸಿಗದ ಸಿಪಾಯಿಗಳಿಗೆ ಸಾಮಾನ್ಯವಾಗಿ ಈ ಕಾರ್ಡು ಇಲ್ಲ. ಕೆರೆ ಏರಿ ಮೇಲೆ ಓಡೋ ಹುಡುಗರದ್ದು ಇನ್ನೂ ಬೇರೆ ಲೆಕ್ಕ. 2022ರ ಅಗ್ನಿಪಥ ನಿಯಮದಂತೆ ನಾಲ್ಕು ವರ್ಷಕ್ಕೆ ನೂರರಲ್ಲಿ 25 ಜನರವರೆಗೆ ಮಾತ್ರ ಮುಂದುವರಿಕೆ. ಉಳಿದವರಿಗೆ ಇಡಿಗಂಟು ಇದೆ, ಪಿಂಚಣಿ ಇಲ್ಲ, ಈ ಕಾರ್ಡೂ ಇಲ್ಲ. ದೊಡ್ಡಪ್ಪ ಅವರ ಓಟದ ಟೈಮ್ ನೋಡಿ ಬರೆದುಕೊಡ್ತಾರೆ, ಈ ಲೆಕ್ಕವನ್ನೂ ಮರೆಯದೆ ಹೇಳ್ತಾರೆ.

ಸುತ್ತಮುತ್ತ ಹುಡುಕಿದಾಗ ಇನ್ನಿಬ್ಬರು ಮಾಜಿ ಸೈನಿಕರು ಸಿಕ್ಕರು. ಮೂವರ ತಿಂಗಳ ಮಾತ್ರೆಯ ದಿನವನ್ನು ಒಂದೇ ಮಂಗಳವಾರಕ್ಕೆ ಹೊಂದಿಸಿಕೊಂಡಿದ್ದಾರೆ. ಪರಿಚಯದವರ ಓಮ್ನಿ, ಡೀಸೆಂಟ್ ಬಾಡಿಗೆ, ಹಂಚಿಕೊಂಡರೆ ಭಾರ ಇಲ್ಲ. ಬೆಳಿಗ್ಗೆ ಆರೂವರೆಗೆ ಹೊರಡಬೇಕು ಅಂದರೆ ಆರು ಗಂಟೆಗೇ ಮೂರು ಜೊತೆ ಪಾಲಿಶ್ ಬೂಟು ರಸ್ತೆಯಲ್ಲಿ ನಿಂತಿರುತ್ತೆ. ಅಜ್ಜಿಯ ಕಾರ್ಡು ಬಂದ ಮೇಲೆ ಅವರೂ ಅದರಲ್ಲೇ ಬರಲಿ ಅಂದರೆ, “ನಂಗೇನು ಕಣಪ್ಪ, ಹೆಂಗಸ್ರಿಗೆ ಬಸ್ಸು ಫ್ರೀ” ಅಂತಾರೆ. ದೊಡ್ಡಪ್ಪ ಮಾತ್ರ ಕಿಟಕಿ ಪಕ್ಕದ ಒಂದು ಸೀಟು ಹಿಡಿದಿಟ್ಟಿದ್ದಾರೆ.