ಹಳೆಯ ಐರನ್

ಮೊದಲ ಶುಕ್ರವಾರ ನಾನು ಪರಮಪ್ರಸಾದ ಕೊಂಡೊಯ್ಯುವ ಊಟಿಯ ಮನೆಗಳಲ್ಲಿ ಹಿರಿಯ ಕ್ಯಾಡಿಯೊಬ್ಬರದೂ ಒಂದು. ಪಾರ್ಶ್ವವಾಯುವಿನಿಂದ ಅವರ ಬಲಗೈ ಬಿದ್ದುಹೋಗಿದೆ. ಹಾಸಿಗೆಯ ಪಕ್ಕ ಮಾತ್ರ ಹಳೆಯ ಏಳನೇ ನಂಬರ್ ಐರನ್ ಇದೆ. ಮೆದು ಉಕ್ಕನ್ನು ಕಾಸಿ ಬಡಿದು ಮಾಡಿದ ಗಾಲ್ಫ್ ಕೋಲು.

1960ರ ದಶಕದ ಕೊನೆಯಲ್ಲಿ ಅಮೆರಿಕದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ ಎರಕದ ಐರನ್ ತಂದರು. ಅದರ ಭಾರವೆಲ್ಲ ಅಂಚಿಗೆ. ಹೊಡೆತ ಕೊಂಚ ತಪ್ಪಿದರೂ ಚೆಂಡು ಅಷ್ಟಾಗಿ ದಾರಿ ಬಿಡುವುದಿಲ್ಲ. ನನ್ನಂಥವನಿಗೆ ಅದೇ ವಾಸಿ!

“ಇದು ಹಾಗಲ್ಲ ಫಾದರ್. ತಪ್ಪಿದರೆ ಮೊಣಕೈವರೆಗೆ ಜುಮ್ಮೆನ್ನುತ್ತೆ. ಸರಿಯಾಗಿ ತಗುಲಿದರೆ ಹೊಡೆದದ್ದೇ ಗೊತ್ತಾಗಲ್ಲ” ಎಂದರು. ಪಾಪನಿವೇದನೆ ಕೇಳುವ ನಾನು ಸುಮ್ಮನಾದೆ.

ಮಗ ಅದನ್ನು ಗುಜರಿಗೆ ಹಾಕುತ್ತೇನೆ ಎನ್ನುತ್ತಾನಂತೆ. ನಾನು ಎದ್ದಾಗ ಎಡಗೈಯಿಂದ ಅದನ್ನು ನನ್ನತ್ತ ನೂಕಿದರು: “ಮೊಮ್ಮಗ ಹೊಸದರಲ್ಲೇ ಆಡಲಿ. ಮೊದಲು ಇದರಲ್ಲಿ ನಾಲ್ಕು ಚೆಂಡು ಹೊಡೆಸಿ, ಫಾದರ್.”